ಹೆಸರು ಸ್ಪೇನಿನದು, ನೆಲ ಯಾರದು? ಫಿಲಿಪೀನ್ಸ್ ಕುರಿತು ಓದುಗರ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ವೈದ್ಯಕೀಯ ಓದಲು ಫಿಲಿಪೀನ್ಸಿಗೆ, ಅದರಲ್ಲೂ ದಾವಾವೊ ನಗರಕ್ಕೆ ಮಕ್ಕಳನ್ನು ಕಳಿಸುವ ಮನೆಗಳಿವೆ. ಫೀಸು, ಹಾಸ್ಟೆಲ್ಲು, ವೀಸಾದ ಮಾತು ಹೇಗೂ ನಡೆಯುತ್ತಿರುತ್ತದೆ. ಆ ನೆಲದ ಜನರ ಬಗ್ಗೆ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪ್ರಶ್ನೆಗಳಲ್ಲಿ ಒಂಬತ್ತನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳ ಕಾಲೇಜು ಅರ್ಜಿಯಲ್ಲಿ ‘ಮಿಡ್ಲ್ ನೇಮ್’ ಎಂದಿದ್ದ ಕಡೆ ತಂದೆಯಾದ ನನ್ನ ಹೆಸರು ಬರೆದಿದ್ದೆವು. ತಿದ್ದಿ ಕಳಿಸಿ ಎಂದು ವಾಪಸ್ ಬಂತು. ಇನ್ನೊಂದು ಮಾತು: ಅಲ್ಲಿನವರ ಹೆಸರೆಲ್ಲ ಸಾಂತೋಸ್, ಕ್ರೂಸ್, ರೇಯೆಸ್ ಎಂದೇ ಇರುತ್ತವಲ್ಲ, ಅವರೆಲ್ಲ ಸ್ಪೇನಿನವರ ಸಂತತಿಯೆ?
(ವಿದ್ಯಾನಗರ, ದಾವಣಗೆರೆ)

ಉತ್ತರ: ಮೊದಲು ಅರ್ಜಿಯ ವಿಷಯ. ಫಿಲಿಪೀನ್ಸಿನಲ್ಲಿ ನಡುವಿನ ಹೆಸರೆಂದರೆ ತಾಯಿಯ ತವರುಮನೆಯ ಹೆಸರು. ಮಗುವಿನ ಸ್ವಂತ ಹೆಸರು ಮೊದಲು, ತಾಯಿಯ ತವರಿನ ಅಡ್ಡಹೆಸರು ನಡುವೆ, ತಂದೆಯ ಅಡ್ಡಹೆಸರು ಕೊನೆಗೆ. ನೀವು ನಡುವೆ ನಿಮ್ಮ ಹೆಸರು ಬರೆದರೆ ಅಲ್ಲಿಯ ಗುಮಾಸ್ತರು ಅದನ್ನು ನಿಮ್ಮ ಹೆಂಡತಿಯ ತವರಿನ ಹೆಸರೆಂದು ಓದುತ್ತಾರೆ. ನಮ್ಮ ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಕಾಲಂ: ಗಿವನ್ ನೇಮ್ ಮತ್ತು ಸರ್‌ನೇಮ್. ಅವೆರಡನ್ನು ಒಂದಕ್ಷರವೂ ಬದಲಿಸದೆ ನಕಲು ಮಾಡಿ, ನಡುವಿನದನ್ನು ಖಾಲಿ ಬಿಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಊರ ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಹೀಗೆ ಮೂರು ಬಗೆ ಇದ್ದರೆ ಮಗಳು ವಿಮಾನ ಹತ್ತುವ ಮೊದಲೇ ಸರಿಪಡಿಸಿಕೊಳ್ಳಿ. ಅಲ್ಲಿಯ ಪದವಿ ಪತ್ರದಲ್ಲಿ ಒಮ್ಮೆ ತಪ್ಪು ಕೂತರೆ, ಓದು ಮುಗಿಸಿ ಬಂದು ಇಲ್ಲಿ ನೋಂದಣಿಗೆ ಹೋದಾಗ ಎರಡು ದೇಶದ ಕಚೇರಿಗಳ ನಡುವೆ ಓಡಾಡಬೇಕಾಗುತ್ತದೆ.

ಇನ್ನು ಸ್ಪೇನಿನ ಸಂತತಿಯ ಮಾತು. ಅಲ್ಲ, ಬಹುಪಾಲು ಜನರಿಗೆ ಆ ಹೆಸರು ರಕ್ತದಿಂದ ಬಂದದ್ದಲ್ಲ. ಎಷ್ಟೋ ಮನೆಗಳಿಗೆ ಅದು ಬಂದದ್ದು ಒಂದು ಪಟ್ಟಿಯಿಂದ. 1849ರ ನವೆಂಬರ್ 21ರಂದು ಆಗ ಆ ನೆಲವನ್ನು ಆಳುತ್ತಿದ್ದ ಸ್ಪೇನಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಒಂದು ಆಜ್ಞೆ ಹೊರಡಿಸಿದ. ಅದುವರೆಗೆ ಅಲ್ಲಿನ ಜನರಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಅಡ್ಡಹೆಸರು ಬಹುತೇಕ ಇರಲಿಲ್ಲ. ಅಣ್ಣನಿಗೊಂದು, ತಮ್ಮನಿಗೊಂದು ಹೆಸರು. ಕ್ರೈಸ್ತರಾದ ಮೇಲೆ ಸಂತರ ಹೆಸರನ್ನೋ ‘ಕ್ರೂಸ್’, ಅಂದರೆ ಶಿಲುಬೆ, ಎಂಬುದನ್ನೋ ಊರೂರೇ ಇಟ್ಟುಕೊಂಡಿತ್ತು. ಕಂದಾಯ ಯಾರು ಕೊಟ್ಟರು, ಬಿಟ್ಟಿ ದುಡಿತಕ್ಕೆ ಯಾರು ಬರಲಿಲ್ಲ ಎಂದು ಲೆಕ್ಕ ಹಿಡಿಯಲು ಸರ್ಕಾರಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ಸುಮಾರು 61,000 ಅಡ್ಡಹೆಸರುಗಳ ಅಕಾರಾದಿ ಪುಸ್ತಕ ತಯಾರಾಯಿತು. ಪುಟಗಳನ್ನು ಪ್ರಾಂತ್ಯಗಳಿಗೆ ಹಂಚಿದರು, ಪ್ರಾಂತ್ಯದವರು ಊರುಗಳಿಗೆ ಹಂಚಿದರು, ಊರಿನವರು ಮನೆಮನೆಗೊಂದು ಹೆಸರು ಆರಿಸಿಕೊಂಡರು. ಆಲ್ಬಾಯ್ ಪ್ರಾಂತ್ಯದ ಓವಾಸ್ ಎಂಬ ಊರಿನಲ್ಲಿ ಅಡ್ಡಹೆಸರುಗಳು ಇವತ್ತಿಗೂ ‘ರ’ಕಾರದಿಂದ ಶುರುವಾಗುವುದು ಇದೇ ಕಾರಣಕ್ಕೆ. ನಾಲ್ಕು ತಲೆಮಾರಿನಿಂದ ಒಂದೇ ಹೆಸರು ಉಳಿಸಿಕೊಂಡಿದ್ದ ಮನೆತನಗಳಿಗೆ ಮಾತ್ರ ವಿನಾಯಿತಿ ಇತ್ತು. ಪುಸ್ತಕದಲ್ಲಿ ದೇಸಿ ಪದಗಳೂ ಇದ್ದುದರಿಂದ ಎಲ್ಲ ಹೆಸರೂ ಸ್ಪ್ಯಾನಿಷ್ ಅಲ್ಲ.

ದೇಶದ ಹೆಸರೂ ಹಾಗೆಯೇ ಬಂದದ್ದು. 1543ರಲ್ಲಿ ವಿಲ್ಯಾಲೊಬೊಸ್ ಎಂಬ ನಾವಿಕ ಮುಂದೆ ಎರಡನೇ ಫಿಲಿಪ್ ಆದ ರಾಜಕುಮಾರನ ನೆನಪಿಗೆ ಎರಡು ದ್ವೀಪಗಳಿಗೆ ಇಟ್ಟ ಹೆಸರು ಇಡೀ ದ್ವೀಪಸಮೂಹಕ್ಕೆ ಹರಡಿತು. ‘ಫಿಲಿಪಿನೊ’ ಎಂದರೆ ಮೊದಲು ಅಲ್ಲಿ ಹುಟ್ಟಿದ ಸ್ಪೇನಿನವರು ಮಾತ್ರ. ನೆಲದ ಮಕ್ಕಳಿಗೆ ‘ಇಂಡಿಯೊ’ ಎನ್ನುತ್ತಿದ್ದರು. ಅಲ್ಲಿಯ ರಾಷ್ಟ್ರನಾಯಕ, ಲೇಖಕ ಹೊಸೆ ರಿಸಾಲ್‌ನ ಪೀಳಿಗೆ 19ನೇ ಶತಮಾನದ ಕೊನೆಯಲ್ಲಿ ಆ ಹೆಸರನ್ನು ತಮ್ಮದಾಗಿಸಿಕೊಂಡಿತು.

ಪ್ರಶ್ನೆ: ಮಗನನ್ನು ಅಲ್ಲಿ ‘ಬುಂಬಾಯ್’ ಎಂದು ಕರೆಯುತ್ತಾರಂತೆ. ಬೈಗುಳವೆ? ತಗಾಲೊಗ್ ಕಲಿತು ಹೋಗಿದ್ದ, ಅದೂ ಅಲ್ಲಿ ಓಡುತ್ತಿಲ್ಲವಂತೆ.
(ಹರಿಹರ)

ಉತ್ತರ: ಬುಂಬಾಯ್ ಎಂದರೆ ಬಾಂಬೆ. ಬಾಂಬೆಯನ್ನೇ ನೋಡದ ಭಾರತೀಯನಿಗೂ ಅದೇ ಹೆಸರು. ಬೈಗುಳವೆಂದು ಹುಟ್ಟಿದ ಮಾತಲ್ಲ. ಆದರೆ ಅದರ ಜೊತೆ ಬಡ್ಡಿ ವ್ಯಾಪಾರದ ನೆನಪು ಅಂಟಿಕೊಂಡಿದೆ. ಬೈಕಿನಲ್ಲಿ ಬಂದು ಸಣ್ಣ ಸಾಲ ಕೊಟ್ಟು ದಿನವಾರು ಕಂತು ಎತ್ತುವ ಪಂಜಾಬಿಗಳು ಅಲ್ಲಿ ಎಲ್ಲ ಊರಿಗೂ ಗೊತ್ತು. ಆ ಸಾಲಕ್ಕೆ ‘ಐದು-ಆರು’ ಎನ್ನುತ್ತಾರೆ: ಐದು ತಗೊಂಡರೆ ಆರು ಕೊಡಬೇಕು. ಅಂದ ಹಾಗೆ ಈರುಳ್ಳಿಗೂ ಅಲ್ಲಿ ‘ಸಿಬುಯಾಸ್ ಬೊಂಬಾಯ್’ ಎನ್ನುತ್ತಾರೆ.

ಭಾಷೆಯ ಸಂಗತಿ ಸರಳ. ದಾವಾವೊದ ಬೀದಿ ಮಾತು ತಗಾಲೊಗ್ ಅಲ್ಲ, ಬಿಸಾಯಾ ಎಂದು ಜನ ಕರೆಯುವ ಸೆಬುವಾನೊ. ತಗಾಲೊಗ್‌ನಲ್ಲಿ ಹಿರಿಯರ ಜೊತೆ ವಾಕ್ಯಕ್ಕೊಂದು ‘ಪೊ’ ಸೇರಿಸುತ್ತಾರೆ, ನಮ್ಮ ‘ರೀ’ ಇದ್ದ ಹಾಗೆ. ಬಿಸಾಯಾದಲ್ಲಿ ಅದಿಲ್ಲ, ಮರ್ಯಾದೆ ಧ್ವನಿಯಲ್ಲೂ ‘ಅಕ್ಕ’, ‘ಅಣ್ಣ’ ಎಂದು ಕರೆಯುವುದರಲ್ಲೂ ಇರುತ್ತದೆ. ಬೆಳಿಗ್ಗೆ ‘ಮಾಯೊಂಗ್ ಬುಂತಾಗ್’, ದಯವಿಟ್ಟು ಎನ್ನಲು ‘ಪಾಲಿಹುಗ್’, ಎಷ್ಟು ಎಂದು ಕೇಳಲು ‘ಪಿಲಾ’, ಕೊನೆಗೆ ‘ಸಲಾಮತ್’: ಈ ನಾಲ್ಕರಿಂದ ಶುರು ಮಾಡಲಿ. 1937ರಲ್ಲಿ ತಗಾಲೊಗ್ ಅನ್ನು ರಾಷ್ಟ್ರಭಾಷೆಯ ತಳಹದಿ ಎಂದು ಸಾರಿ, ಆಮೇಲೆ ಅದಕ್ಕೇ ‘ಫಿಲಿಪಿನೊ’ ಎಂದು ಹೆಸರಿಟ್ಟದ್ದರ ಬಗ್ಗೆ ಸೆಬುವಾನೊ ಜನರಿಗೆ ಇರುವ ಬೇಸರ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಮ್ಮಲ್ಲಿ ದೇವರಾಜ ಅರಸು ಕಾಲದಲ್ಲಿ ಉಳುವವನಿಗೆ ಹೊಲ ಬಂತು. ಅದೇ ಹೊತ್ತಿಗೆ ಫಿಲಿಪೀನ್ಸಿನಲ್ಲೂ ಭೂಸುಧಾರಣೆ ಆಯಿತೆಂದು ಓದಿದ್ದೇನೆ. ಆದರೂ ಅಲ್ಲಿ ರೈತರ ಹೋರಾಟ ಮುಗಿದಿಲ್ಲ, ಏಕೆ?
(ಜಗಳೂರು)

ಉತ್ತರ: ಹೊತ್ತು ಒಂದೇ, ಹಾದಿ ಬೇರೆ. ನಮ್ಮ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿ ಜಮೀನು ಯಾವ ಬೆಳೆಯದ್ದೇ ಇರಲಿ ಮೊದಲು ಸರ್ಕಾರಕ್ಕೆ ಸೇರಿತು, ಗೇಣಿದಾರ ಫಾರಂ ನಂಬರ್ 7 ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಒಡೆಯನಿಂದ ಕೈ ತಪ್ಪಿದ್ದು ಮೊದಲು, ಲೆಕ್ಕಾಚಾರ ಆಮೇಲೆ. ಫಿಲಿಪೀನ್ಸಿನಲ್ಲಿ ಅಧ್ಯಕ್ಷ ಮಾರ್ಕೋಸ್ 1972ರ ಅಕ್ಟೋಬರ್ 21ರಂದು ಹೊರಡಿಸಿದ 27ನೇ ಆದೇಶ ಭತ್ತ ಮತ್ತು ಮುಸುಕಿನ ಜೋಳದ ಗೇಣಿ ಜಮೀನಿಗೆ ಮಾತ್ರ ಅನ್ವಯ. ಕಬ್ಬು ಮತ್ತು ತೆಂಗು ಹೊರಗೆ. ದೊಡ್ಡ ಜಮೀನ್ದಾರಿಕೆ ಇದ್ದದ್ದೇ ಕಬ್ಬಿನಲ್ಲಿ, ನೆಗ್ರೋಸ್ ದ್ವೀಪದ ಹಾಸಿಯೆಂಡಾ ಎಂಬ ದೊಡ್ಡ ಎಸ್ಟೇಟುಗಳಲ್ಲಿ. ಒಡೆಯ 7 ಹೆಕ್ಟೇರ್, ಅಂದರೆ 17 ಎಕರೆ ಉಳಿಸಿಕೊಳ್ಳಬಹುದಿತ್ತು. ಗೇಣಿದಾರ ಜಮೀನಿನ ಬೆಲೆಯನ್ನು ಶೇ 6 ಬಡ್ಡಿ ಸೇರಿಸಿ 15 ವರ್ಷ ಕಟ್ಟಬೇಕಿತ್ತು. ಕಂತು ತಪ್ಪಿದರೆ ಪತ್ರ ಕೈಗೆ ಬರಲಿಲ್ಲ.

ಮಾರ್ಕೋಸ್ ಹೋದ ಮೇಲೆ 1988ರ ಜೂನ್ 10ರಂದು ಬಂದ 6657ನೇ ಕಾಯಿದೆ ಎಲ್ಲ ಬೆಳೆಯ ಜಮೀನನ್ನೂ ಒಳಗೆ ತಂದಿತು. ಮಿತಿ 5 ಹೆಕ್ಟೇರ್, ಜೊತೆಗೆ 15 ವರ್ಷ ತುಂಬಿ ಜಮೀನಿನಲ್ಲಿ ದುಡಿಯುವ ಪ್ರತಿ ಮಗುವಿಗೆ 3 ಹೆಕ್ಟೇರ್. ರೈತನಿಗೆ ಸಿಗುವುದು ಗರಿಷ್ಠ 3 ಹೆಕ್ಟೇರ್, ಕಂತು 30 ವರ್ಷ. ಇಲ್ಲಿ ಮೂರು ಕಡೆ ಕೆಟ್ಟಿತು. ಒಂದು, ಕಾಯಿದೆಯ 31ನೇ ಕಲಂ: ಕಂಪನಿ ಹೆಸರಿನ ಜಮೀನಾದರೆ ನೆಲದ ಬದಲು ಷೇರು ಕೊಟ್ಟರೂ ಸಾಕು. ತಾರ್ಲಾಕ್ ಪ್ರಾಂತ್ಯದ ಹಾಸಿಯೆಂಡಾ ಲುಯಿಸಿತಾ ಎಂಬ ಕಬ್ಬಿನ ಎಸ್ಟೇಟಿನಲ್ಲಿ ಹಾಗೇ ಆಯಿತು. ಅದು ಆ ಕಾಯಿದೆಗೆ ಸಹಿ ಹಾಕಿದ ಅಧ್ಯಕ್ಷೆ ಕೊರಾಸೊನ್ ಅಕಿನೊ ಅವರ ತವರಿನ ಎಸ್ಟೇಟು. ಷೇರು ಕಾಗದ ಹಿಡಿದ ಕೂಲಿಗೆ ವಾರಕ್ಕೆ ಸಿಗುವ ದುಡಿತದ ದಿನ ಕಡಿಮೆಯಾಗುತ್ತ ಹೋಯಿತು. 2004ರ ನವೆಂಬರ್ 16ರಂದು ಮುಷ್ಕರ ನಿಂತವರ ಮೇಲೆ ಗುಂಡು ಹಾರಿ 7 ಜನ ಸತ್ತರು. ನೆಲವನ್ನೇ ಹಂಚಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಅಂತಿಮವಾಗಿ ಹೇಳಿತು. ಎರಡು, ಎಷ್ಟೋ ಹಕ್ಕುಪತ್ರಗಳನ್ನು ಹತ್ತಾರು ಜನರಿಗೆ ಸೇರಿಸಿ ಒಂದೇ ಪತ್ರವಾಗಿ ಕೊಟ್ಟರು. ಪೋಡಿ ಆಗದ ಜಂಟಿ ಪಹಣಿಯ ಗೋಳು ನಿಮಗೆ ಗೊತ್ತಲ್ಲ: ಯಾರ ಗಡಿ ಎಲ್ಲಿ ಎಂದು ಯಾರಿಗೂ ಖಾತ್ರಿಯಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಮೂರು, ಕಂತು. ನೆಲ ಬಂತು, ನೀರು, ಬೀಜ, ಸಾಲ ಬರಲಿಲ್ಲ. ಬಡ್ಡಿ ಬೆಳೆಯಿತು, ರೈತ ಜಮೀನನ್ನು ಬಾಯಿಮಾತಿನ ಅಡವಿಟ್ಟು ತನ್ನದೇ ಹೊಲದಲ್ಲಿ ಕೂಲಿಯಾದ. ಕೊನೆಗೆ 2023ರ ಜುಲೈನಲ್ಲಿ ಬಂದ 11953ನೇ ಕಾಯಿದೆ ಸುಮಾರು 6 ಲಕ್ಷ ರೈತರ 5,756 ಕೋಟಿ ಪೆಸೊ ಬಾಕಿ ಮನ್ನಾ ಮಾಡಿತು. 1972ರಿಂದ ಲೆಕ್ಕ ಹಾಕಿದರೆ ಅರ್ಧ ಶತಮಾನ.

ಬೇರು ಇನ್ನೂ ಹಿಂದಿದೆ. ಸ್ಪೇನಿನ ಕಾಲದಲ್ಲಿ ಒಳ್ಳೆಯ ಗದ್ದೆಗಳ ದೊಡ್ಡ ಪಾಲು ಪಾದ್ರಿಗಳ ಮಠಗಳ ಕೈಯಲ್ಲಿತ್ತು. ರಿಸಾಲ್ ಮನೆಯವರೇ ಕಲಾಂಬಾ ಎಂಬ ಊರಿನಲ್ಲಿ ಡೊಮಿನಿಕನ್ ಮಠದ ಗೇಣಿದಾರರು. ಗೇಣಿ ಜಗಳದಲ್ಲಿ ಊರವರ ಜೊತೆ ಒಕ್ಕಲೆಬ್ಬಿಸಿಕೊಂಡರು. 1896ರ ಕ್ರಾಂತಿಗೆ ಈ ಸಿಟ್ಟೂ ಒಂದು ಕಾರಣ. ಸ್ಪೇನಿನ ನಂತರ ಆಳಿದ ಅಮೆರಿಕನ್ನರು 1903ರಲ್ಲಿ ಸುಮಾರು 4 ಲಕ್ಷ ಎಕರೆ ಮಠದ ಜಮೀನನ್ನು 72 ಲಕ್ಷ ಡಾಲರಿಗೆ ಕೊಂಡು ಮರುಮಾರಾಟ ಮಾಡಿದರು. ಕೊಳ್ಳುವ ಶಕ್ತಿ ಇದ್ದವರ ಪಾಲಿಗೆ ಬಹಳಷ್ಟು ಹೋಯಿತು. ಉಳುವವನಿಗೆ ಕೊಡಬಹುದಾಗಿದ್ದ ಒಳ್ಳೆಯ ಅವಕಾಶ ಅಂದೇ ಕೈ ತಪ್ಪಿತು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಅಲ್ಲಿ ಎಲೆ ಅಡಿಕೆ ಹಾಕುತ್ತಾರೆಯೆ?
(ಚನ್ನಗಿರಿ)

ಉತ್ತರ: ಹಾಕುತ್ತಿದ್ದರು, ಈಗಲೂ ಕೆಲವರು ಹಾಕುತ್ತಾರೆ. ಅಡಿಕೆಗೆ ‘ಬುಂಗಾ’, ವೀಳ್ಯದೆಲೆಗೆ ತಗಾಲೊಗ್‌ನಲ್ಲಿ ‘ಇಕ್ಮೊ’, ಸುಣ್ಣಕ್ಕೆ ‘ಆಪೊಗ್’, ಮಡಿಸಿದ ಪಟ್ಟಿಗೆ ‘ಬುಯೊ’. ಬಂದ ನೆಂಟರಿಗೆ ಮೊದಲು ಬುಯೊ ಕೊಡುವುದು ಹಳೆಯ ರೀತಿ. 1521ರಲ್ಲಿ ಮೆಗೆಲ್ಲನ್ ಜೊತೆ ಬಂದ ಪಿಗಾಫೆಟ್ಟಾ ಅಡಿಕೆ ಅಗಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಬಯಲು ಸೀಮೆಯ ಕ್ರೈಸ್ತರಲ್ಲಿ ಇದು ಬಹುತೇಕ ನಿಂತಿದೆ. ಉತ್ತರದ ಕೊರ್ಡಿಯೆರಾ ಬೆಟ್ಟಗಳ ಇಫುಗಾವೊ ಜನ ‘ಮೊಮಾ’ ಎಂದು ಈಗಲೂ ಅಗಿಯುತ್ತಾರೆ. ಬಾಗಿಯೊ ಪಟ್ಟಣದಲ್ಲಿ ಮೊಮಾ ಉಗುಳಬೇಡಿ ಎಂಬ ಬೋರ್ಡುಗಳೇ ಇವೆ.

ಪ್ರಶ್ನೆ: ಬ್ರಹ್ಮಗಿರಿಯ ಅಶೋಕನ ಶಾಸನ ಮಕ್ಕಳಿಗೆ ತೋರಿಸುವಾಗ, ಫಿಲಿಪೀನ್ಸಿನ ಹಳೆಯ ಲಿಪಿಯೂ ಬ್ರಾಹ್ಮಿಯ ಕುಲದ್ದು ಎಂದು ಹೇಳಬಹುದೆ? ಅಲ್ಲಿ ಸಂಸ್ಕೃತದ ಶಾಸನ ಇದೆ ಎಂಬುದು ನಿಜವೆ?
(ಶಿಕ್ಷಕರು, ಮೊಳಕಾಲ್ಮುರು ತಾಲ್ಲೂಕು)

ಉತ್ತರ: ಧಾರಾಳವಾಗಿ ಹೇಳಬಹುದು. ಆದರೆ ‘ನಮ್ಮವರು ಹೋಗಿ ಕಲಿಸಿದರು’ ಎನ್ನಬೇಡಿ. ಅದು ಜಾವಾ, ಸುಮಾತ್ರಾದ ಮಲಯ ವ್ಯಾಪಾರಿ ಲೋಕದ ಮೂಲಕ ಬಂದದ್ದು.

ಆ ಲಿಪಿಯ ಹೆಸರು ಬೈಬಾಯಿನ್. 17 ಅಕ್ಷರ: ಸ್ವರ 3, ವ್ಯಂಜನ 14. ನಮ್ಮ ಹಾಗೆಯೇ ಪ್ರತಿ ವ್ಯಂಜನದಲ್ಲೂ ‘ಅ’ ಅಡಗಿದೆ. ‘ಬ’ ಬರೆದು ಮೇಲೊಂದು ಚುಕ್ಕೆ ಇಟ್ಟರೆ ಬಿ ಅಥವಾ ಬೆ, ಕೆಳಗಿಟ್ಟರೆ ಬು ಅಥವಾ ಬೊ. ಆ ಚುಕ್ಕೆಗೆ ‘ಕುದ್ಲಿತ್’ ಎನ್ನುತ್ತಾರೆ. ಅರ್ಧಾಕ್ಷರ ಇರಲಿಲ್ಲ. ಬೆಟ್ಟ ಎಂಬರ್ಥದ ‘ಬುಂದೊಕ್’ ಬರೆಯಬೇಕಾದರೆ ‘ಬುದೊ’ ಎಂದಷ್ಟೇ ಬರೆದು, ಉಳಿದದ್ದನ್ನು ಓದುವವನು ತುಂಬಿಕೊಳ್ಳಬೇಕು. 1620ರಲ್ಲಿ ಲೋಪೆಸ್ ಎಂಬ ಪಾದ್ರಿ ಅಕ್ಷರದ ಕೆಳಗೆ ಶಿಲುಬೆ ಗುರುತಿಟ್ಟು ಸ್ವರ ಕಳೆಯುವ ಉಪಾಯ ತಂದ. ಜನ ಒಪ್ಪಲಿಲ್ಲ, ಈ ಗುರುತಿಲ್ಲದೆಯೇ ನಮಗೆ ಓದಲು ಬರುತ್ತದೆ ಎಂದರು. ಬಯಲಿನಲ್ಲಿ ಲಿಪಿ ಸತ್ತುಹೋಯಿತು. ಮಿಂದೊರೊ ದ್ವೀಪದ ಹನುನೊ ಮತ್ತು ಬುಹಿದ್ ಜನ, ಪಲಾವನ್‌ನ ತಗ್ಬನ್ವಾ ಜನ ತಮ್ಮ ಲಿಪಿ ಉಳಿಸಿಕೊಂಡಿದ್ದಾರೆ. ಹನುನೊ ಜನ ಬಿದಿರಿನ ಮೇಲೆ ಚಾಕುವಿನ ಮೊನೆಯಿಂದ ಗೀರಿ ‘ಅಂಬಾಹನ್’ ಎಂಬ ಪದ್ಯ ಬರೆಯುತ್ತಾರೆ. ಸಾಲಿಗೆ ಏಳು ಮಾತ್ರೆಯಲ್ಲ, ಏಳು ಉಚ್ಚಾರಾಂಶ.

ಇನ್ನು ಶಾಸನ. ಲಗುನಾ ಪ್ರಾಂತ್ಯದ ನದಿಯ ಮುಖದ ಬಳಿ ಮರಳಿನಲ್ಲಿ ಸಿಕ್ಕ, ಒಂದು ನೋಟ್‌ಬುಕ್ಕಿನಷ್ಟು ಅಗಲದ ತಾಮ್ರದ ತಗಡು, ಹತ್ತು ಸಾಲು. ರಾಷ್ಟ್ರೀಯ ವಸ್ತುಸಂಗ್ರಹಾಲಯ 1990ರಲ್ಲಿ ಕೊಂಡಿತು; ಡಚ್ ವಿದ್ವಾಂಸ ಆಂಟೂನ್ ಪೋಸ್ಟ್ಮಾ ಓದಿದರು. ಲಿಪಿ ಜಾವಾದ ‘ಕವಿ’ ಎಂಬ ಹೆಸರಿನ ಹಳೆ ಲಿಪಿ, ಭಾಷೆ ಸಂಸ್ಕೃತವಲ್ಲ, ಸಂಸ್ಕೃತ ಪದ ತುಂಬಿದ ಹಳೆ ಮಲಯ. ಮೊದಲ ಸಾಲನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿ: ‘ಸ್ವಸ್ತಿ ಶಕವರ್ಷಾತೀತ 822 ವೈಶಾಖ ಮಾಸ… ಚತುರ್ಥಿ ಕೃಷ್ಣಪಕ್ಷ ಸೋಮವಾರ’. ಕ್ರಿ.ಶ. 900ರ ಏಪ್ರಿಲ್ 21. ಆ ಹೊತ್ತಿಗೆ ನಮ್ಮ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟರ ಇಮ್ಮಡಿ ಕೃಷ್ಣ. ಅವನ ಕಾಲದ ಕನ್ನಡ ಶಾಸನಗಳೂ ಇದೇ ಧಾಟಿಯಲ್ಲಿ ಸ್ವಸ್ತಿ ಎಂದು ಎತ್ತಿಕೊಂಡು ಶಕವರ್ಷ ಹೇಳುತ್ತವೆ. ಒಳಗಿನ ಸಂಗತಿ ಮಾತ್ರ ದಾನವಲ್ಲ, ಸಾಲ ಚುಕ್ತಾ. ನಮ್ವರನ್ ಎಂಬವನಿಗಿದ್ದ 1 ಕಾಟಿ 8 ಸುವರ್ಣದಷ್ಟು, ಅಂದರೆ ಸುಮಾರು 926 ಗ್ರಾಂ ಚಿನ್ನದ ಸಾಲ ತೀರಿತೆಂದು ಅವನ ಮಕ್ಕಳಾದ ಅಂಗ್ಕತನ್ ಮತ್ತು ಬುಕಾ ಅವರಿಗೆ ತುಂಡುನ್ ಎಂಬಲ್ಲಿಯ ಅಧಿಕಾರಿ ಬರೆದುಕೊಟ್ಟ ಪತ್ರ. ತುಂಡುನ್ ಎಂದರೆ ಇಂದಿನ ಮನಿಲಾದ ತೊಂಡೊ. ‘ಮುಂದೆ ಯಾರಾದರೂ ಸಾಲ ತೀರಿಲ್ಲ ಎಂದರೆ…’ ಎಂಬಲ್ಲಿಗೆ ತಗಡು ನಿಂತುಹೋಗುತ್ತದೆ. ಮುಂದಿನ ಶಾಪವೋ ದಂಡವೋ ಬೇರೆ ತಗಡಿನಲ್ಲಿ ಇದ್ದಿರಬೇಕು.

ತಗಾಲೊಗ್ ಮಾತಿನಲ್ಲಿ ಇವತ್ತೂ ಗುರೊ ಎಂದರೆ ಶಿಕ್ಷಕ, ಮುಖಾ ಎಂದರೆ ಮುಖ, ಆಸಾ ಎಂದರೆ ಆಸೆ, ದುಖಾ ಎಂದರೆ ಬಡವ, ಕುತಾ ಎಂದರೆ ಕೋಟೆ. ಲಿಖಾ ಎಂದರೆ ಸೃಷ್ಟಿ. ಬ್ರಹ್ಮಗಿರಿಯ ಬಂಡೆಯ ಕೊನೆಯಲ್ಲಿ ಲಿಪಿಕಾರ ಚಪಡ ತಾನು ಬರೆದೆನೆಂದು ಹೇಳುವಲ್ಲಿ ಬರುವುದೂ ಇದೇ ‘ಲಿಖ್’ ಧಾತು. ಬಂಡೆಯ ಮುಂದೆ ನಿಂತಾಗ ಆ ಪದದ ಮೇಲೆ ಮಕ್ಕಳ ಬೆರಳು ಆಡಲಿ.

ಪ್ರಶ್ನೆ: ಬರಂಗಾಯ್ ಎಂದರೆ ನಮ್ಮ ಗ್ರಾಮ ಪಂಚಾಯಿತಿಯೆ?
(ಪಂಚಾಯಿತಿ ಸದಸ್ಯರು, ಚಳ್ಳಕೆರೆ)

ಉತ್ತರ: ಹತ್ತಿರ ಹತ್ತಿರ. ‘ಬಲಂಗಾಯ್’ ಎಂದರೆ ದೋಣಿ. ಒಂದೇ ದೋಣಿಯಲ್ಲಿ ಬಂದು ನೆಲೆಸಿದ ಬಳಗ ಎಂಬರ್ಥದಲ್ಲಿ ಆ ಹೆಸರು ಊರಿಗೆ ಬಂತು. 30ರಿಂದ 100 ಮನೆ, ಅದಕ್ಕೊಬ್ಬ ಮುಖಂಡ, ಅವನೇ ದಾತು. ಸ್ಪೇನಿನವರು ದಾತುವನ್ನು ಕಂದಾಯ ಎತ್ತುವವನನ್ನಾಗಿ ಮಾಡಿದರು. ಈಗ ದೇಶದಲ್ಲಿ 42,000ಕ್ಕೂ ಹೆಚ್ಚು ಬರಂಗಾಯ್‌ಗಳಿವೆ, ಪಟ್ಟಣದ ವಾರ್ಡುಗಳೂ ಸೇರಿ. ಒಬ್ಬ ಮುಖ್ಯಸ್ಥ, 7 ಸದಸ್ಯರು, ಜೊತೆಗೆ ಯುವಜನರ ಪ್ರತಿನಿಧಿ ಒಬ್ಬರು. ಆ ಪ್ರತಿನಿಧಿಯನ್ನು 15ರಿಂದ 30 ವಯಸ್ಸಿನವರು ಮಾತ್ರ ಆರಿಸುತ್ತಾರೆ.

ನಿಮಗೆ ಉಪಯುಕ್ತವಾಗಬಹುದಾದದ್ದು ಅಲ್ಲಿಯ ರಾಜಿ ಪದ್ಧತಿ. ಒಂದೇ ಊರಿನಲ್ಲಿ ವಾಸಿಸುವ ಇಬ್ಬರ ನಡುವಿನ ವ್ಯಾಜ್ಯ ಮೊದಲು ಬರಂಗಾಯ್‌ಗೆ ಹೋಗಲೇಬೇಕು. ಕ್ರಿಮಿನಲ್ ಆದರೆ ಒಂದು ವರ್ಷದವರೆಗಿನ ಸಜೆ ಅಥವಾ 5,000 ಪೆಸೊವರೆಗಿನ ದಂಡದ ಅಪರಾಧಗಳು ಮಾತ್ರ. ದೂರು ಬಂದ ಮರುದಿನದೊಳಗೆ ಮುಖ್ಯಸ್ಥ ಎದುರಾಳಿಯನ್ನು ಕರೆಸುತ್ತಾನೆ. ಮೊದಲ ಭೇಟಿಯಿಂದ 15 ದಿನದಲ್ಲಿ ರಾಜಿಯಾಗದಿದ್ದರೆ, 10ರಿಂದ 20 ಜನರ ‘ಲುಪೊನ್’ ಎಂಬ ಪಟ್ಟಿಯಿಂದ ಎರಡೂ ಕಡೆಯವರು ಸೇರಿ ಮೂವರನ್ನು ಆರಿಸುತ್ತಾರೆ. ಅವರಿಗೆ 15 ದಿನ, ಬೇಕಾದರೆ ಇನ್ನೊಂದು 15. ವಕೀಲರಿಗೆ ಪ್ರವೇಶವಿಲ್ಲ, ಕಕ್ಷಿದಾರರೇ ಮಾತಾಡಬೇಕು. ರಾಜಿಪತ್ರವನ್ನು 10 ದಿನದೊಳಗೆ ಮೋಸ, ಬಲಾತ್ಕಾರ ಅಥವಾ ಬೆದರಿಕೆಯ ಕಾರಣ ಕೊಟ್ಟು ತಿರಸ್ಕರಿಸದಿದ್ದರೆ ಅದಕ್ಕೆ ಕೋರ್ಟು ತೀರ್ಪಿನ ಬಲ. ರಾಜಿ ಆಗದೇ ಹೋದರೆ ಹಾಗೆಂದು ಪ್ರಮಾಣಪತ್ರ ಕೊಡುತ್ತಾರೆ. ಆ ಪತ್ರವಿಲ್ಲದೆ ನೇರ ಕೋರ್ಟಿಗೆ ಹೋದವರ ದಾವೆ ಅವಧಿಪೂರ್ವ ಎಂದು ವಜಾ ಆಗುತ್ತದೆ. ಜನ ಎಡವುವುದು ಹೆಚ್ಚಾಗಿ ಅಲ್ಲೇ. ಮನೆ ಮಾಲೀಕರ ಜೊತೆ ಅಡ್ವಾನ್ಸ್ ಜಗಳ ಬಂದ ನಮ್ಮ ವಿದ್ಯಾರ್ಥಿಗಳೂ ಮೊದಲು ತಟ್ಟಬೇಕಾದ ಬಾಗಿಲು ಇದು.

ಪ್ರಶ್ನೆ: 1986ರಲ್ಲಿ ಬೀದಿಗಿಳಿದು ಮಾರ್ಕೋಸ್‌ನನ್ನು ಓಡಿಸಿದ ಜನ 2022ರಲ್ಲಿ ಅವನ ಮಗನನ್ನೇ ಏಕೆ ಆರಿಸಿದರು?
(ಚಿತ್ರದುರ್ಗ)

ಉತ್ತರ: ಮಗನಿಗೆ ಬಿದ್ದದ್ದು 3 ಕೋಟಿ 16 ಲಕ್ಷ ಮತ, ಶೇ 58ಕ್ಕಿಂತ ಹೆಚ್ಚು. ಹಾಗಾಗಿ ಮತ ಒಡೆದು ಗೆದ್ದದ್ದು ಎನ್ನಲಾಗದು. 1986ರ ಫೆಬ್ರವರಿ 22ರಿಂದ 25ರವರೆಗೆ ಎದ್ಸಾ ಹೆದ್ದಾರಿಯಲ್ಲಿ ನಿಂತವರು ಮನಿಲಾದವರು. ಮಾರ್ಕೋಸ್ ತವರಾದ ಇಲೊಕೊಸ್ ಪ್ರಾಂತ್ಯ ಆ ಮನೆತನವನ್ನು ಎಂದೂ ಪೂರ್ತಿ ಕೈಬಿಟ್ಟಿರಲಿಲ್ಲ. ಕುಟುಂಬ 1991ರಲ್ಲೇ ದೇಶಕ್ಕೆ ಮರಳಿ, ಕೆಳಗಿನ ಹುದ್ದೆಗಳಿಂದ ಮತ್ತೆ ಮೇಲೆ ಬಂತು. 1987ರ ಸಂವಿಧಾನ ಮನೆತನದ ರಾಜಕಾರಣವನ್ನು ‘ಕಾನೂನು ವಿವರಿಸುವಂತೆ’ ನಿಷೇಧಿಸುತ್ತದೆ; ವಿವರಿಸಬೇಕಾದ ಸಂಸತ್ತಿನಲ್ಲಿ ಕೂತವರು ಆ ಮನೆತನದವರೇ ಆದ್ದರಿಂದ ಪೂರ್ಣ ಕಾನೂನು ಬರಲೇ ಇಲ್ಲ. ಮೇಯರಿಗೆ ಸತತ ಮೂರು ಅವಧಿಯ ಮಿತಿ ಇದೆ. ಮುಗಿದರೆ ಹೆಂಡತಿ, ಆಮೇಲೆ ಮಗ. 

ಆದರೆ ಮರೆವು ಸಂಪೂರ್ಣ ಎಂದುಕೊಳ್ಳಬೇಡಿ. 1972ರ ಸೇನಾಡಳಿತದ ಕಾಲದಲ್ಲಿ ಹಿಂಸೆಗೆ, ಕೊಲೆಗೆ, ಕಣ್ಮರೆಗೆ ತುತ್ತಾದವರಿಗೆ ಪರಿಹಾರ ಕೊಡಲು 2013ರಲ್ಲಿ 10368ನೇ ಕಾಯಿದೆ ಬಂತು. ಒಬ್ಬೊಬ್ಬರ ಅರ್ಜಿ ಪರಿಶೀಲಿಸಿ 11,103 ಜನರನ್ನು ಸರ್ಕಾರವೇ ಸಂತ್ರಸ್ತರೆಂದು ಒಪ್ಪಿತು. ಹಣ ಬಂದದ್ದು ಮಾರ್ಕೋಸ್ ಸ್ವಿಸ್ ಬ್ಯಾಂಕಿನಲ್ಲಿಟ್ಟಿದ್ದ ಗಂಟಿನಿಂದ. ಆ ಪಟ್ಟಿಯನ್ನು ಯಾವ ಚುನಾವಣೆಯೂ ಅಳಿಸಲಾಗದು.

ಪ್ರಶ್ನೆ: ಲುಮಾದ್, ಮೋರೊ, ಇಗೊರೋತ್ ಎನ್ನುತ್ತಾರಲ್ಲ, ಇವು ನಮ್ಮ ಪರಿಶಿಷ್ಟ ಪಂಗಡಗಳ ಹಾಗೆಯೆ? ಅವರಿಗೆ ಅರಣ್ಯ ಹಕ್ಕು ಇದೆಯೆ?
(ಹೊಳಲ್ಕೆರೆ)

ಉತ್ತರ: ಮೂರೂ ಒಂದೊಂದು ಜಾತಿಯ ಹೆಸರಲ್ಲ, ಗುಂಪು ಹೆಸರುಗಳು. ಇಗೊರೋತ್ ಎಂದರೆ ಉತ್ತರದ ಬೆಟ್ಟದವರು: ಇಫುಗಾವೊ, ಬೊಂತೊಕ್, ಕಂಕನಾಯ್, ಇಬಲೊಯ್ ಮೊದಲಾದವರು. ಎಲ್ಲರೂ ಆ ಹೆಸರು ಒಪ್ಪುವುದಿಲ್ಲ; ಅನೇಕ ಇಫುಗಾವೊಗಳು ‘ನಾವು ಇಫುಗಾವೊ’ ಎಂದೇ ಹೇಳುತ್ತಾರೆ. ಮೋರೊ ಎಂಬುದು ಸ್ಪೇನಿನವರು ಮುಸ್ಲಿಮರಿಗೆ ತಿರಸ್ಕಾರದಿಂದ ಇಟ್ಟ ಹೆಸರು. ತೌಸುಗ್, ಮಗಿಂದನಾವೊ, ಮರನಾವೊ ಸೇರಿ 13 ಜನಾಂಗಗಳು ಅದನ್ನೇ ಹೆಮ್ಮೆಯ ಹೆಸರಾಗಿ ಎತ್ತಿಕೊಂಡು ‘ಬಂಗ್ಸಮೋರೊ’ ಎಂದರು. ಬಂಗ್ಸ ಎಂದರೆ ವಂಶ, ನಮ್ಮದೇ ಪದ. ದಶಕಗಳ ಯುದ್ಧದ ನಂತರ 2014ರ ಮಾರ್ಚ್ 27ರ ಒಪ್ಪಂದ, 2019ರ ಜನಮತದಿಂದ ಅವರಿಗೆ ಸ್ವಾಯತ್ತ ಪ್ರದೇಶ ಸಿಕ್ಕಿತು. ಲುಮಾದ್ ಎಂದರೆ ಸೆಬುವಾನೊ ಮಾತಿನಲ್ಲಿ ನೆಲದವರು: ದಕ್ಷಿಣದ ಮಿಂದನಾವೊ ದ್ವೀಪದ, ಮುಸ್ಲಿಮರೂ ಅಲ್ಲದ, ವಲಸಿಗ ಕ್ರೈಸ್ತರೂ ಅಲ್ಲದ ಮೂಲನಿವಾಸಿಗಳು. 1986ರಲ್ಲಿ 15 ಗುಂಪುಗಳು ಸಭೆ ಸೇರಿ ತಾವೇ ಆರಿಸಿಕೊಂಡ ಹೆಸರು. ಪರಸ್ಪರ ಭಾಷೆ ಬೇರೆ ಬೇರೆಯಾದ್ದರಿಂದ ತಮ್ಮೆಲ್ಲರಿಗೂ ಅರ್ಥವಾಗುವ ವಲಸಿಗರ ಭಾಷೆಯಿಂದಲೇ ಹೆಸರು ತೆಗೆದುಕೊಂಡರು.

ಪರಿಶಿಷ್ಟ ಪಟ್ಟಿಯ ಮೀಸಲಾತಿಯಂಥದ್ದು ಅಲ್ಲಿಯ ಪ್ರಶ್ನೆಯ ತಿರುಳಲ್ಲ. ತಿರುಳು ನೆಲ. ಅಮೆರಿಕನ್ನರ ಕಾಲದಿಂದ ಉತ್ತರದ ಲುಜೋನ್, ನಡುವಿನ ವಿಸಾಯಾಸ್ ದ್ವೀಪಗಳ ಭೂಹೀನರನ್ನು ಮಿಂದನಾವೊಗೆ ಕಳಿಸಿ ಜಮೀನು ಕೊಟ್ಟರು. ಅಲ್ಲಿಯವರ ಬಳಿ ಪತ್ರವಿರಲಿಲ್ಲವಾದ್ದರಿಂದ ಅವರ ನೆಲ ‘ಸರ್ಕಾರಿ’ ಆಯಿತು. ಮೇಲೆ ಹೇಳಿದ ಭೂಸುಧಾರಣೆಯ ಭಾರವನ್ನು ಬಡವರಲ್ಲೇ ಬಡವರ ಹೆಗಲಿಗೆ ದಾಟಿಸಿದ ಹಾಗಾಯಿತು. 1997ರ ಅಕ್ಟೋಬರ್ 29ರ 8371ನೇ ಕಾಯಿದೆ ಪೂರ್ವಜರ ನೆಲಕ್ಕೆ ಸಾಮೂಹಿಕ ಹಕ್ಕುಪತ್ರ ಕೊಡುತ್ತದೆ. ಪುರಾವೆಯಾಗಿ ಹಿರಿಯರ ಪ್ರಮಾಣಿತ ಹೇಳಿಕೆ ಬೇಕು. ಜೊತೆಗೆ ವಂಶಾವಳಿ, ಹಳೆ ಸ್ಮಶಾನ ಮತ್ತು ದೇವರ ಬನದ ಚಿತ್ರ, ಗಡಿ ಒಪ್ಪಂದದ ಕಥನ, ಕೈನಕ್ಷೆ, ಹಳ್ಳ ಗುಡ್ಡಗಳಿಗೆ ತಮ್ಮ ಭಾಷೆಯಲ್ಲಿರುವ ಹೆಸರಿನ ವಿವರ ಇಂಥವುಗಳಲ್ಲಿ ಯಾವುದಾದರೂ ಒಂದು. ನಮ್ಮ 2006ರ ಅರಣ್ಯ ಹಕ್ಕು ಕಾಯಿದೆಗೆ ಒಂದಕ್ಕಿಂತ ಹೆಚ್ಚು ಪುರಾವೆ ಬೇಕಲ್ಲ, ಹಾಗಲ್ಲ. ಸ್ಥಳನಾಮವನ್ನೇ ದಾಖಲೆಯೆಂದು ಒಪ್ಪುವುದು ಆ ಕಾಯಿದೆಯ ದೊಡ್ಡ ಗುಣ. ಕೆಡುವುದು ಆಮೇಲೆ: ಗಣಿ ಅಥವಾ ಅಣೆಕಟ್ಟಿಗೆ ಸಮುದಾಯದ ಮುಕ್ತ ಒಪ್ಪಿಗೆ ಬೇಕು ಎಂದಿದೆ, ಆದರೆ ಕಂಪನಿಗೆ ಬೇಕಾದವರನ್ನೇ ಮುಖಂಡರೆಂದು ಕೂರಿಸಿ ಸಹಿ ಮಾಡಿಸಿಕೊಂಡ ದೂರುಗಳು ಮತ್ತೆ ಮತ್ತೆ ಬಂದಿವೆ.

ಪ್ರಶ್ನೆ: ಮಗಳು ರಜೆಗೆ ಬರುವಾಗ ‘ತಿನಾಲಕ್’ ಎಂಬ ಬಟ್ಟೆ ತರುತ್ತೇನೆ ಎಂದಿದ್ದಾಳೆ. ನಾವು ರೇಷ್ಮೆ ನೇಯುವವರು. ಅದು ಯಾವ ನೂಲು, ಅಸಲಿ ಗುರುತಿಸುವುದು ಹೇಗೆ, ಇಡುವುದು ಹೇಗೆ?
(ಮೊಳಕಾಲ್ಮುರು)

ಉತ್ತರ: ನೂಲಲ್ಲ, ನಾರು. ಅಬಕಾ ಎಂಬುದು ಬಾಳೆಯ ಜಾತಿಯ ಗಿಡ, ಹಣ್ಣು ತಿನ್ನಲು ಬರುವುದಿಲ್ಲ. ಮನಿಲಾ ಹಗ್ಗ, ಮನಿಲಾ ಕವರ್ ಎನ್ನುತ್ತೇವಲ್ಲ, ಅದರ ಮೂಲ ಇದೇ ನಾರು. ಮನಿಲಾ ಅದನ್ನು ಹಡಗಿಗೆ ತುಂಬಿದ ಬಂದರು ಅಷ್ಟೆ.

ತಿನಾಲಕ್ ನೇಯುವವರು ದಕ್ಷಿಣ ಕೊತಬಾತೊ ಪ್ರಾಂತ್ಯದ ಸೆಬು ಸರೋವರದ ಸುತ್ತಲಿನ ತ್ಬೊಲಿ ಹೆಂಗಸರು. ದಿಂಡು ಕಡಿದು, ಪಟ್ಟೆ ಬಿಡಿಸಿ, ಚಾಕುವಿನ ಅಲಗಿನ ಕೆಳಗೆ ಎಳೆದರೆ ತಿರುಳು ಹೋಗಿ ನಾರು ಉಳಿಯುತ್ತದೆ. ಒಣಗಿಸಿ, ದಪ್ಪ ತೆಳು ಬೇರೆ ಮಾಡಿ, ಎಳೆಗೆ ಎಳೆ ಸೇರಿಸಿ ಕೈಯಿಂದ ಗಂಟು ಹಾಕುತ್ತಾರೆ, ಹುರಿ ಮಾಡುವುದಿಲ್ಲ. ಬಣ್ಣ ಕಟ್ಟುವುದು ಹಾಸಿನ ಎಳೆಗಳಿಗೆ ಮಾತ್ರ. ಬಿಳಿ ಉಳಿಯಬೇಕಾದ ಕಡೆ ಬಿಗಿದು ಕಟ್ಟಿ, ‘ಕ್ನಲುಮ್’ ಎಲೆಯ ಜೊತೆ ದಿನಗಟ್ಟಲೆ ಕುದಿಸಿದರೆ ಕಪ್ಪು, ಕೆಲವು ಕಟ್ಟು ಬಿಚ್ಚಿ ‘ಲೊಕೊ’ ಬೇರಿನಲ್ಲಿ ಅದ್ದಿದರೆ ಕೆಂಪು. ಹೊಕ್ಕು ಒಂದೇ ಬಣ್ಣ. ಮಗ್ಗದ ಒಂದು ತುದಿ ಗೋಡೆಗೆ, ಇನ್ನೊಂದು ನೇಯುವವಳ ಸೊಂಟಕ್ಕೆ. ಅದಕ್ಕೇ ಪನ್ನ ಚಿಕ್ಕದು. ಬಿಸಿಲೇರಿದರೆ ನಾರು ಒಣಗಿ ಪಟಪಟ ತುಂಡಾಗುವುದರಿಂದ ತಂಪು ಹೊತ್ತಿನಲ್ಲಿ ನೇಯುತ್ತಾರೆ. ನೇಯ್ದ ಮೇಲೆ ಕವಡೆಯಿಂದ ಉಜ್ಜಿ ಉಜ್ಜಿ ಹೊಳಪು ತರುತ್ತಾರೆ. ವಿನ್ಯಾಸಕ್ಕೆ ಗ್ರಾಫ್ ಕಾಗದವಿಲ್ಲ. ಅಬಕಾದ ಒಡೆಯ ದೇವತೆ ಫು ದಾಲು ಕನಸಿನಲ್ಲಿ ತೋರಿಸಿದ್ದು ಎಂಬ ನಂಬಿಕೆ. 1998ರಲ್ಲಿ ರಾಷ್ಟ್ರೀಯ ಗೌರವ ಪಡೆದ ಲಾಂಗ್ ದುಲಾಯ್ ನೂರರಷ್ಟು ವಿನ್ಯಾಸಗಳನ್ನು ನೆನಪಿನಿಂದಲೇ ನೇಯುತ್ತಿದ್ದರು.

ಅಸಲಿಯಾದರೆ ಕಪ್ಪು, ಕೆಂಪು, ನಾರಿನ ಬಿಳಿ ಈ ಮೂರೇ ಬಣ್ಣ. ಹಿಂಬದಿಯಲ್ಲಿ ಬೆರಳಾಡಿಸಿದರೆ ಸಣ್ಣ ಗಂಟುಗಳು ತಾಕುತ್ತವೆ. ವಿನ್ಯಾಸದ ಅಂಚು ಅಚ್ಚೊತ್ತಿದಂತೆ ಗೀರಾಗಿರದೆ ತುಸು ಹರಡಿರುತ್ತದೆ, ಕಟ್ಟಿದ ಕಡೆ ಬಣ್ಣ ಒಸರುವುದರಿಂದ. ಹಿಂಬದಿ ಮಾಸಿದ್ದು ಮುಂಬದಿ ಮಾತ್ರ ಗಾಢವಾಗಿದ್ದರೆ ಅದು ಪ್ರಿಂಟು.

ರೇಷ್ಮೆ ಸೀರೆಯ ಹಾಗೆ ಮಡಿಸಿ ಇಡಬೇಡಿ. ಚಳ್ಳಕೆರೆ, ಮೊಳಕಾಲ್ಮುರಿನ ಒಣ ಹವೆಯಲ್ಲಿ ಮಡಿಕೆಯ ಗೆರೆಯಲ್ಲೇ ನಾರು ಸೀಳುತ್ತದೆ. ಸೀರೆ ಸುತ್ತುವ ದಪ್ಪ ರಟ್ಟಿನ ಕೊಳವೆಗೆ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಇದನ್ನು ಸುರುಳಿ ಮಾಡಿ. ನೀರಿಗೆ ಹಾಕದೆ, ಒಣ ಬಟ್ಟೆಯಿಂದ ಒರೆಸಿ. ಕತ್ತರಿಸಿ ಚೀಲ ಹೊಲಿಸುವ ಯೋಚನೆ ಇದ್ದರೆ ಬಿಡಿ: ತ್ಬೊಲಿ ಜನ ಈ ಬಟ್ಟೆ ದಾಟುವುದಿಲ್ಲ, ಕತ್ತರಿಸಿದರೆ ಕಾಯಿಲೆ ಬರುತ್ತದೆ ಎನ್ನುತ್ತಾರೆ, ಕತ್ತರಿಸಲೇಬೇಕಾದರೆ ಒಂದು ಹಿತ್ತಾಳೆ ಉಂಗುರ ಕಟ್ಟಿ ಫು ದಾಲುವಿನ ಅನುಮತಿ ಕೇಳುತ್ತಾರೆ. ಮಗಳು ತರುವ ತುಂಡಿನ ಅಂಚಿಗೆ ಅಂಥ ಉಂಗುರ ಇದ್ದರೆ ತೆಗೆಯಬೇಡಿ.